ಹಾಯಿದೋಣಿಯ ಎಡ ಒಡಲು

2025ರ ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ ಭಾಲ್ಕಿ ತಾಲ್ಲೂಕಿನ ಠಾಣೆಗೆ ಬಂದಂಥ ದೂರನ್ನು ಬಹಮನಿ ಸುಲ್ತಾನರ ಕಾಲದಿಂದ ಈ ಸೀಮೆಯ ಯಾವ ಕೊತ್ವಾಲನೂ ಕೇಳಿರಲಿಕ್ಕಿಲ್ಲ. ದೂರುದಾರ ಬೀದರ್ ಚಿದ್ರಿಯ ಮಹಮ್ಮದ ಇಸ್ಮಾಯಿಲ, ಲಾರಿ ಬಾಡಿ ಕಟ್ಟುವ ಮಿಸ್ತ್ರಿ.

"ಸಾಹೇಬ್ರ, ನನ್ನ ದೋಣಿ ಒಂದು ಪಾಲು ಕಳುವಾಗ್ಯದ್ರಿ."

ಇನ್‌ಸ್ಪೆಕ್ಟರ್ ಸತೀಶಕುಮಾರ ತಲೆಯೆತ್ತಿದರು. ಅವರು ಒಮ್ಮೆ ದಿಟ್ಟಿಸಿದರೆ ಬೀದರ್ ಕೋಟೆಯ ತೋಪೂ ತಪ್ಪೊಪ್ಪಿಕೊಳ್ಳುತ್ತದೆಂದು ಮೂರು ತಾಲ್ಲೂಕಿನಲ್ಲಿ ಪ್ರತೀತಿ.

"ದೋಣಿ ಏನ್ ರೊಟ್ಟಿ ಏನೋ, ಮುರಕೊಂಡು ಹೋಗ್ಲಾಕ?" ಎಂದ ಹೆಡ್ ಕಾನ್‌ಸ್ಟೇಬಲ್ ಅಯ್ಯುಬ.

"ಮೂರು ಒಡಲಿನ ಹಾಯಿದೋಣಿ ಅಯ್ಯುಬಭಾಯಿ. ನಡುವ ದೊಡ್ಡದು, ಆಜೂಬಾಜೂ ಎರಡು ಸಣ್ಣವು. ಎಡಗಡೀದು ಬಿಚ್ಚಿ ಒಯ್ದಾರ. ಅದಿಲ್ದ ಹಾಯಿ ಏರಿಸಿದ್ರ ಮಗ್ಗಲಾಗ್ತದ. ಐತವಾರ ಮಂದೀನ ಕೂಡಿಸ್ಕೊಂಡು ಓಡಿಸಿ ತೋರಿಸ್ಲಿಲ್ಲಂದ್ರ ಟಿಕೆಟ್ ಮ್ಯಾಲ ಮಂದೀನ ಒಯ್ಯೋ ಪರವಾನಗಿ ಸಿಗಂಗಿಲ್ರಿ. ಎರಡು ವರ್ಷದ ಕೆಲಸ ನೀರಪಾಲು."

ಎಫ್‌ಐಆರ್ ದಾಖಲಾಯಿತು. ದೋಣಿ ನಿಲ್ಲಿಸಿದ್ದ ಜಲಾಶಯದ ದಂಡೆಯಲ್ಲಿ ಪಂಚನಾಮೆ ನಡೆಯಿತು. ಹಾಯಿ, ಹಗ್ಗ, ಹಗ್ಗ ಹಾಯುವ ಹಿತ್ತಾಳೆಯ ರಾಟೆ ಯಾವುದನ್ನೂ ಮುಟ್ಟಿರಲಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಒರೆಸಿ, ಬಟ್ಟೆಯಲ್ಲಿ ಕಟ್ಟಿ, ನಡು ಒಡಲಿನೊಳಗೆ ಇಟ್ಟಿದ್ದರು.

"ದೋಣಿ ಹಾಳಾಗೋದು ಬೇಕಿಲ್ಲ ಇವಗ," ಎಂದರು ಸತೀಶಕುಮಾರ. "ನಿಲ್ಲಬೇಕು, ಅಷ್ಟ."

ದಂಡೆಯಲ್ಲಿ ಗಾಡಿಯ ಗುರುತಿರಲಿಲ್ಲ. ಫೈಬರಿನ ಹಗುರ ಒಡಲು ನೀರ ಮೇಲೆಯೇ ಹೋಗಿರಬೇಕು. ಮೀನುಗಾರ ಜ್ಞಾನೇಶ್ವರನ ದೋಣಿ ಹತ್ತಿ ಹುಡುಕಿದರು. ಅರಬ್ಬಿ ಸಮುದ್ರವನ್ನು ಮಡಚಿ ಒಂದು ಮೂಲೆಗಿಡಬಹುದು, ಅಷ್ಟು ನೀರು! ಕಡೆಗೂ ಜೊಂಡಿನ ಮರೆಯಲ್ಲಿ ಎಡ ಒಡಲು ಸಿಕ್ಕಿತು. ಗಾಳಿಗೆ ತೇಲಿಹೋಗದಂತೆ ಕಟ್ಟಿಹಾಕಿದ್ದರು.

ಮರಳುವಾಗ ಜ್ಞಾನೇಶ್ವರ ಬಯಲು ನೀರಿನಲ್ಲಿ ದೊಡ್ಡ ಸುತ್ತು ಹಾಕಿದ.

"ಸೀದಾ ನಡಿಯೋ," ಎಂದ ಅಯ್ಯುಬ.

"ಇಲ್ರಿ. ಕೆಳಗ ಮುಳುಗಿದ ಊರಿನ ಸಮಾಧಿ ಅವ. ಮ್ಯಾಲಿಂದ ನಾವ್ಯಾರೂ ಹಾಯಂಗಿಲ್ಲ. ಅಲ್ಲಿ ನೀರು ಕಮ್ಮಿ, ಮೋಟಾರ್ ದೋಣಿ ತಳ ತಾಗ್ತಾವಂತ ಬರಂಗಿಲ್ಲ."

"ಮತ್ತ ಮೂರು ಒಡಲಿಂದು?" ಎಂದರು ಸತೀಶಕುಮಾರ.

ಹುಟ್ಟು ನಿಂತಿತು. "ಅದು ಗೇಣು ನೀರಾಗೂ ತೇಲ್ತದ್ರಿ. ಮೊನ್ನಿ ಓಡಿಸಿ ನೋಡುವಾಗ ಮ್ಯಾಲಿಂದನ ಹೋಯ್ತು. ಶಿವರಾಜಪ್ಪ ಕಾಕಾ ದಂಡಿಗಿ ನಿಂತು ನೋಡ್ತಿದ್ದ. ಅದೇ ಊರಾಂವ್ರಿ, ಪಂಪ್ ರಿಪೇರಿ ಮಾಡ್ತಾನ. ಈಗ ಠಾಣಾ ಕುಶನೂರದಾಗ ಇರ್ತಾನ."

ಠಾಣಾ ಕುಶನೂರಿಗೆಂದು ಔರಾದ್ ದಾರಿ ಹಿಡಿದ ಜೀಪಿನಲ್ಲಿ ಇಸ್ಮಾಯಿಲನೂ ಇದ್ದ. ಹಣೆಗೆ ವಿಭೂತಿ ಹಚ್ಚಿದ್ದ ಎಪ್ಪತ್ತರ ಮುದುಕ ಶಿವರಾಜಪ್ಪ ಮನೆ ಬಾಗಿಲಲ್ಲೇ ಕುಳಿತಿದ್ದ.

"ಒಡಲು ಬಿಚ್ಚಿದವರು ನೀವೇನ್ರಿ?"

"ಹೌದ್ರಿ."

"ಬೋಲ್ಟ್ ಬಿಚ್ಚಿದ ಪಾನಾ?"

ಶಿವರಾಜಪ್ಪ ಒಳಗಿನಿಂದ ತಂದು ಕೊಟ್ಟ. ಪಂಚರ ಸಮಕ್ಷಮ ಜಪ್ತಿಯಾಯಿತು.

"ಒಂದ್ ಮಾತ ಹೇಳಿದ್ರ ನಾ ಆ ಕಡಿ ಹಾಯ್ತಿದ್ದಿಲ್ಲ ಕಾಕಾ," ಎಂದ ಇಸ್ಮಾಯಿಲ. "ಕಬರಸ್ತಾನ ಅಂದ್ರ ನನಗ ತಿಳಿಯಂಗಿಲ್ಲೇನು?"

"ನಿನಗ ತಿಳೀತದೋ ಮಗನ. ನಿನ್ನ ದೋಣ್ಯಾಗ ಕೂಡೋ ಮಂದಿಗಿ? ಕೆಳಗ ಸಮಾಧಿ ಅವ ಅಂದ್ರ ಅದನ್ನೇ ನೋಡ್ಲಾಕ ಟಿಕೆಟ್ ತೆಗಿತಾರ."



ಸಂಜೆ ಐದಕ್ಕೆ ಬಂಧನವಾಯಿತು. ಜೀಪು ಊರು ದಾಟಿದ ಮೇಲೆ ಸತೀಶಕುಮಾರ ಮೆಲ್ಲಗೆ ಕೇಳಿದರು, "ಆ ಸಮಾಧ್ಯಾಗ ನಿಮ್ಮವರು ಯಾರದಾರ್ರಿ?"

"ಅವ್ವ."

ನೀರು ಏರಿ ಬಂದ ವರ್ಷ ಶಿವರಾಜಪ್ಪ ಮನೆಯ ತೊಲೆ, ಬಾಗಿಲು, ಒಳಕಲ್ಲು, ಎಲ್ಲವನ್ನೂ ಕಿತ್ತು ಗಾಡಿಗೆ ಹೇರಿಕೊಂಡು ಹೊರಟಿದ್ದ. ಅವ್ವನನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದ.