ಅರ್ಧ ಮೀಸೆ

"ಬೆಂಚು ಕಾಯೋಕೆ ಬಂದಿದ್ದೀರಾ?"

ಕ್ಷೌರದಂಗಡಿಯ ಕುರ್ಚಿಯಲ್ಲಿ ಆರಾಮಾಗಿ ಕೂತು ಪೇಪರ್ ಓದುತ್ತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು. ಅಂಗಡಿಯಲ್ಲಿ ಇದ್ದವರು ಅವಳು, ನಾನು, ಮೂಲೆಯಲ್ಲಿ ಟವೆಲ್ ಮಡಚುತ್ತಿದ್ದ ಒಬ್ಬ ಮುದುಕರು.

"ಇಲ್ಲ, ಕಟಿಂಗ್ ಮಾಡೋರು ಬರಲಿ ಅಂತ."

"ಅವರು ಬಂದು ಅರ್ಧ ಗಂಟೆ ಆಯ್ತು."

ನಾನು ಬಾಗಿಲ ಕಡೆ ನೋಡಿದೆ. ಮುದುಕರ ಕಡೆ ನೋಡಿದೆ. ಕೊನೆಗೆ ಅವಳ ಕಡೆ ನೋಡಿದೆ. ಅವಳು ಪೇಪರ್ ಮಡಚಿಟ್ಟು ಎದ್ದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ನನ್ನ ಕಡೆ ಗರಕ್ಕನೆ ತಿರುಗಿಸಿದಳು. ನಾನು ಪೆಚ್ಚಾಗಿ ಹಲ್ಲು ಕಿರಿದು ಹೋಗಿ ಕೂತೆ.

ಆಗ ಯುದ್ಧ ಶುರುವಾಗಿ ಮೂರನೇ ವರ್ಷ. ಅಂಗಡಿ ನಡೆಸುತ್ತಿದ್ದ ಅವಳ ಅಣ್ಣ ಯುದ್ಧಕ್ಕೆ ಹೋಗಿದ್ದ. ಮೂಲೆಯಲ್ಲಿದ್ದ ಮುದುಕರು ಅವಳಪ್ಪ, ಅವರ ಕೈ ನಡುಗುತ್ತಿತ್ತು. ಹಾಗಾಗಿ ಇವಳು ಕತ್ತಿ ಹಿಡಿದಿದ್ದಳು. ಬೀದಿಯವರು ಇವಳನ್ನು ಕತ್ತರಿ ಅಂತಿದ್ದರು. ಕೈಕೆಲಸ ನೋಡಿ ಇಟ್ಟ ಹೆಸರಲ್ಲ ಅದು, ಬಾಯಿ ನೋಡಿ ಇಟ್ಟದ್ದು. ನಾನು ಆ ಬಡಾವಣೆಗೆ ಹೊಸಬ, ನನಗೇನು ಗೊತ್ತು.

ಗಲ್ಲಕ್ಕೆಲ್ಲ ನೊರೆ ಹಚ್ಚಿ, ಕತ್ತಿಯನ್ನು ಸರಿಯಾಗಿ ಗಂಟಲ ಮೇಲೆ ಇಟ್ಟು ಕೇಳಿದಳು, "ಕೈಕಾಲೆಲ್ಲ ಗಟ್ಟಿಯಾಗೇ ಇದೆಯಲ್ಲ. ಇನ್ನೂ ಊರಲ್ಲೇ ಇದ್ದೀರಾ?"

ಗಂಟಲ ಮೇಲೆ ಕತ್ತಿ ಇದ್ದಾಗ ಯಾವನು ಉತ್ತರ ಕೊಡ್ತಾನೆ?

"ನಮ್ಮಣ್ಣ ನಿಮಗಿಂತ ಸಣಕಲು. ಅವನು ಹೋದ. ನೀವು ನೋಡಿದ್ರೆ ಮೀಸೆ ಟ್ರಿಮ್ ಮಾಡಿಸೋಕೆ ಬಂದಿದ್ದೀರಾ."

ಕತ್ತಿ ಕೆಳಗಿಟ್ಟ ಮೇಲೆ ಹೇಳಿದೆ, "ನಾನು ನೀರು ಸರಬರಾಜು ಇಲಾಖೆಯವನು. ಪೈಪ್ ಕೆಲಸ. ಸೈನ್ಯಕ್ಕೆ ಬಿಡಲ್ಲ."

"ಕೇಳಿಕೊಂಡ್ರೂ ಬಿಡಲ್ವಾ?"

ಕೇಳಿಕೊಂಡರೆ ಬಿಡುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಕನ್ನಡಿಯಲ್ಲಿ ನನ್ನ ಮುಖ ಕೆಂಪಗಾಗಿದ್ದು ಕಂಡು ಅವಳೇ ಕಣ್ಣು ಬೇರೆ ಕಡೆ ತಿರುಗಿಸಿದಳು.

ಮಾನ ಮರ್ಯಾದೆ ಇದ್ದವನು ಮತ್ತೆ ಆ ಅಂಗಡಿಗೆ ಹೋಗಬಾರದಿತ್ತು. ನಾನು ಮುಂದಿನ ಶನಿವಾರವೇ ಹೋದೆ. ಊರಿನ ಬೇರೆ ಕ್ಷೌರದವರೆಲ್ಲ ಯುದ್ಧಕ್ಕೆ ಹೋಗಿದ್ದಾರೆ, ಇನ್ನೇನು ಮಾಡೋದು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಕನ್ನಡಿಯಲ್ಲಿ ಅವಳ ಕಣ್ಣು ನೋಡೋಕೆ ಹೋದೆ.

ಸೋಪಿಗೂ ರೇಷನ್ ಬಂದಿತ್ತು. ಗಿರಾಕಿಗಳೇ ಮನೆಯಿಂದ ಸೋಪಿನ ಚೂರು ತರಬೇಕು. ನಾನು ತಂದ ಚೂರನ್ನು ಬೆರಳ ತುದಿಯಲ್ಲಿ ಹಿಡಿದು, "ಇದರಲ್ಲಿ ನಿಮ್ಮ ಒಂದು ಕೆನ್ನೆ ಆಗುತ್ತೆ. ಯಾವುದು ಬೇಕು?" ಅಂದಳು.

"ನಿಮಗೆ ಯಾವುದು ಇಷ್ಟಾನೋ ಅದು."

ಕನ್ನಡಿಯಲ್ಲಿ ಅವಳ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ತುಟಿ ಬಿಗಿಹಿಡಿದುಕೊಂಡಳು. ಮೂಲೆಯಲ್ಲಿ ಅವಳಪ್ಪ ಕೆಮ್ಮಿದರು. ಅವತ್ತಿನಿಂದ ನನಗೆ ಶನಿವಾರ ಅಂದರೆ ಒಂಥರಾ ಹುಚ್ಚು.

ಯುದ್ಧ ನಮ್ಮ ಊರಿನ ಹೆಂಗಸರನ್ನು ಏನೇನು ಮಾಡಿಬಿಟ್ಟಿತ್ತು ಅಂತೀರಿ! ಸಂಗೀತದ ಮೇಡಂ ಬಸ್ ಓಡಿಸುತ್ತಿದ್ದರು. ಗೇರ್ ಕಿರ್ ಅಂದರೆ, "ಛೆ, ಶ್ರುತಿ ಹೋಯ್ತು" ಅನ್ನುತ್ತಿದ್ದರು. ಬ್ಯಾಂಕ್ ಮ್ಯಾನೇಜರರ ಹೆಂಡತಿ ಲೈಟ್ ಕಂಬ ಹತ್ತಿ ವೈರ್ ಎಳೆಯುತ್ತಿದ್ದರು. ಆಟದ ಸಾಮಾನಿನ ಕಾರ್ಖಾನೆಯಲ್ಲಿ ಮಿಷಿನ್ ಹಾಕಿ ಹೆಂಗಸರು ಸೈನ್ಯಕ್ಕೆ ಡೇರೆ ಹೊಲಿಯುತ್ತಿದ್ದರು. ಎಲ್ಲರನ್ನೂ ನಾನು ಬೆರಗಾಗಿ ನೋಡುತ್ತಿದ್ದೆ. ಆದರೆ ಕತ್ತರಿಯನ್ನು ನೋಡಿದ ಹಾಗೆ ಯಾರನ್ನೂ ನೋಡಲಿಲ್ಲ.

ಸೈನ್ಯಕ್ಕೆ ಸೇರುವವರು ಮೀಸೆ ತೆಗೆಸಬೇಕು ಅಂತ ಆರ್ಡರ್ ಇತ್ತು. ಮೀಸೆ ಇದ್ದರೆ ಗ್ಯಾಸ್ ಮಾಸ್ಕ್ ಮುಖಕ್ಕೆ ಸರಿಯಾಗಿ ಅಂಟುವುದಿಲ್ಲವಂತೆ. ಹಾಗಾಗಿ ಹೊರಟ ಹುಡುಗರೆಲ್ಲ ಅದೇ ಕುರ್ಚಿಗೆ ಬರುತ್ತಿದ್ದರು. ಅವಳು ನಿಧಾನವಾಗಿ ಮೀಸೆ ತೆಗೆದು, ಬಿಸಿ ಟವೆಲ್ ಮುಖಕ್ಕೆ ಒತ್ತಿ, "ಬೆಳೆದ ಮೇಲೆ ಬಾ, ನಾನೇ ಟ್ರಿಮ್ ಮಾಡ್ತೀನಿ" ಅಂತಿದ್ದಳು. ಎಲ್ಲರಿಗೂ ಅದೇ ಮಾತು, ಅದೇ ನಗು. ಹುಡುಗರು ಕನ್ನಡಿಯಲ್ಲಿ ತಮ್ಮ ಬೋಳು ಮುಖ ನೋಡಿಕೊಂಡು ನಗ್ತಾ ಹೋಗುತ್ತಿದ್ದರು.

ಆಮೇಲೆ ಅವಳು ಬ್ರಶ್ ತೊಳೆಯೋಕೆ ಒಳಗೆ ಹೋಗುತ್ತಿದ್ದಳು. ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು. ಒಂದು ಬ್ರಶ್ ತೊಳೆಯೋಕೆ ಎಷ್ಟು ನೀರು ಬೇಕು ಅಂತ ನನ್ನಂಥವನಿಗೆ ಗೊತ್ತಾಗದೆ ಇರುತ್ತಾ? ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು, ಬಾಯಿ ಮಾತ್ರ ಎಂದಿನಂತೆ ಚುರುಕು. ನೀರು ಯಾಕೆ ಪೋಲು ಮಾಡ್ತೀರಿ ಅಂತ ನಾನು ಯಾವತ್ತೂ ಕೇಳಲಿಲ್ಲ.

ಬೀದಿಯ ಕೊನೆಯ ಮನೆಯ ಅಜ್ಜಿಯ ಮೊಮ್ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದ ವಾರ, ಅವರ ಮನೆ ನಲ್ಲಿ ರಿಪೇರಿಗೆ ಹೋಗಿದ್ದೆ. ಅಜ್ಜಿ ಹೊಸಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. "ನೀನು ಯಾವಾಗ ಹೋಗ್ತೀಯಪ್ಪ?" ಅಂದರು. ಕೊಂಕಿರಲಿಲ್ಲ ಆ ಮಾತಲ್ಲಿ. ಬಸ್ಸಿಗೆ ಕಾಯುವವನನ್ನು ಕೇಳಿದ ಹಾಗೆ ಕೇಳಿದರು. ನಾನು ಬಿಗಿದಿದ್ದ ನಲ್ಲಿಯನ್ನೇ ಮತ್ತೆ ಬಿಗಿದೆ.

ಆ ಶನಿವಾರ ಕುರ್ಚಿಯಲ್ಲಿ ಕೂತು, "ಮೀಸೆ ತೆಗೆದುಬಿಡಿ" ಅಂದೆ.

ಅವಳ ಕೈ ಬಟ್ಟಲಿನಲ್ಲೇ ನಿಂತಿತು. ಮೂಲೆಯಲ್ಲಿ ಟವೆಲ್ ಮಡಚುವುದೂ ನಿಂತಿತು.

"ಸೈನ್ಯಕ್ಕೆ ಬರೆದು ಕೊಟ್ರಾ?"

"ಸೋಮವಾರ ಕೊಡ್ತೀನಿ."

ಅವಳು ನೊರೆ ಹಚ್ಚಿದಳು. ಕನ್ನಡಿಯಲ್ಲಿ ಒಂದೇ ಒಂದು ಸಲವೂ ನನ್ನ ಕಣ್ಣು ನೋಡಲಿಲ್ಲ. ಎಡಗಡೆ ಮೀಸೆ ಹೋಯಿತು. ಕತ್ತಿ ಒರೆಸಿ ಬಲಗಡೆಗೆ ಬರುವಷ್ಟರಲ್ಲಿ ವಿಮಾನ ದಾಳಿಯ ಸೈರನ್ ಕೂಗಿತು.

ಅವಳಪ್ಪನನ್ನು ಇಬ್ಬರೂ ಎತ್ತಿಕೊಂಡು ಪಕ್ಕದ ಕಟ್ಟಡದ ನೆಲಮಾಳಿಗೆಗೆ ಓಡಿದೆವು. ನೆಲ ನಡುಗಿತು. ಎರಡನೇ ಸಲ ನಡುಗಿದಾಗ ಅವಳು ನನ್ನ ತೋಳು ಹಿಡಿದಿದ್ದಳು. ಸೈರನ್ ನಿಂತ ಮೇಲೆ ಮೇಲಕ್ಕೆ ಬಂದರೆ ಡೇರೆ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಅದರ ಮುಂದಿನ ರಸ್ತೆಯಲ್ಲಿ ನೀರಿನ ದೊಡ್ಡ ಪೈಪ್ ಒಡೆದು ಬಾಂಬ್ ಬಿದ್ದ ಗುಂಡಿ ತುಂಬಿತ್ತು. ಫೈರ್ ಇಂಜಿನ್ನಿನವರು ಖಾಲಿ ಪೈಪ್ ಹಿಡಿದು ನಿಂತಿದ್ದರು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಬಕೆಟ್ಟು, ಕೊಡ, ಕೈಗೆ ಸಿಕ್ಕಿದ್ದರಲ್ಲೆಲ್ಲ ಕೂಡಿಟ್ಟ ನೀರು ತಂದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇಲಾಖೆಗೆ ಓಡಿ ಸಾಮಾನು ತಂದು, ವಾಲ್ವ್ ಮುಚ್ಚಿ ಗುಂಡಿಗೆ ಇಳಿದೆ. ಎದೆಮಟ್ಟ ನೀರು. ಒಡೆದ ಜಾಗಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟ್ ಬಿಗಿಯಬೇಕು, ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ. ನನ್ನ ಜೊತೆಗಾರ ಹೋದ ತಿಂಗಳೇ ಸೈನ್ಯ ಸೇರಿದ್ದ. "ಯಾರಾದ್ರೂ ಬನ್ನಿ" ಅಂತ ಕೂಗಿದೆ. ಧೊಪ್ಪಂತ ಯಾರೋ ಇಳಿದರು.

"ಯಾವುದನ್ನ ಹಿಡೀಬೇಕು?" ಕತ್ತರಿ ಕೇಳಿದಳು.

"ಇದನ್ನ. ಗಟ್ಟಿಯಾಗಿ. ಪ್ರಾಣ ಹೋದ್ರೂ ಬಿಡಬೇಡಿ."

"ಪ್ರಾಣದ ವಿಷಯ ಆಮೇಲೆ. ನೀವು ತಿರುಗಿಸಿ."

ಹಲ್ಲು ಕಚ್ಚಿ ಹಿಡಿದಳು. ನಾನು ತಿರುಗಿಸಿದೆ. ಬೆರಳು ಮರಗಟ್ಟಿ ಅವಳ ಕೈ ಯಾವುದು ನನ್ನ ಕೈ ಯಾವುದು ತಿಳಿಯಲಿಲ್ಲ. ಕೊನೇ ಬೋಲ್ಟ್ ಬಿಗಿದು ವಾಲ್ವ್ ಬಿಟ್ಟಾಗ, ಫೈರ್ ಇಂಜಿನ್ನಿನ ಪೈಪ್ ಉಬ್ಬಿ ನೀರು ಚಿಮ್ಮಿತು. ಬೀದಿಗೆ ಬೀದಿಯೇ ಹೋ ಅಂದಿತು. ಸಂಗೀತದ ಮೇಡಂ ನನ್ನ ಮುಖ ನೋಡಿ, "ಅಯ್ಯೋ, ಇವರ ಅರ್ಧ ಮೀಸೆ ಎಲ್ಲಿ ಹೋಯ್ತು?" ಅಂದಾಗ ಕತ್ತರಿ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಕೆಸರಲ್ಲೇ ಕೂತು. ಅಂಥ ನಗು ಅವಳ ಮುಖದಲ್ಲಿ ನಾನು ಅದೇ ಮೊದಲು ಕಂಡದ್ದು.

ಅವಳಪ್ಪನನ್ನು ಕರೆದುಕೊಂಡು ಅಂಗಡಿಗೆ ಬಂದೆವು. ಕಿಟಕಿ ಗಾಜು ನೆಲದ ತುಂಬ. ಕುರ್ಚಿ, ಕನ್ನಡಿ ಹಾಗೇ ಇದ್ದವು. ನಾನು ಕೂತೆ.

"ಉಳಿದದ್ದು ತೆಗೀರಿ."

"ತೆಗೆಯಲ್ಲ."

"ಅರ್ಧ ಮೀಸೇಲಿ ನನ್ನನ್ನ ಸೇರಿಸ್ಕೊಳ್ಳಲ್ಲ."

"ಅದಕ್ಕೇ ತೆಗೆಯಲ್ಲ." ಕತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಇವತ್ತು ನೀವಿಲ್ದಿದ್ರೆ ಆ ಗುಂಡಿಗೆ ಯಾರು ಇಳೀತಿದ್ರು?"

"ಯಾರಾದ್ರೂ ಇಳೀತಿದ್ರು."

"ಯಾರು? ಒಬ್ಬರನ್ನ ಹೇಳಿ."

ನೆಲ ನೋಡುತ್ತಾ, "ಜನ ಹೇಡಿ ಅಂತಾರೆ" ಅಂದೆ.

"ಅಂತಾರೆ. ಮೊದಲು ಅಂದವಳೇ ನಾನು. ಆವತ್ತು ನಂಗೆ ಅಣ್ಣ ಹೋದ ಸಂಕಟ, ನಿಮ್ಮ ಮೇಲೆ ಕಾರಿಕೊಂಡೆ. ಇನ್ನೂ ನೂರು ಜನ ಅಂತಾರೆ. ಅದನ್ನ ಕೇಳಿಸ್ಕೊಂಡು ದಿನಾ ಗುಂಡಿಗೆ ಇಳಿಯೋಕೂ ಎದೆ ಬೇಕು. ನಿಮಗೆ ಇದೆ." ಕತ್ತಿಯನ್ನು ಬಟ್ಟಲ ಪಕ್ಕ ಇಟ್ಟಳು. "ಇದು ಊರಿನ ಮಾತು. ನನ್ನ ಮಾತು ಬೇರೆ ಇದೆ."

"ಹೇಳಿ."

"ಈ ಕುರ್ಚಿಯಿಂದ ಎದ್ದು ಹೋದೋರಿಗೆಲ್ಲ ನಗ್ತಾ ಟವೆಲ್ ಒತ್ತಿದ್ದೀನಿ. ನಿಮಗೆ ಒತ್ತೋಕೆ ನನ್ನ ಕೈಲಾಗಲ್ಲ." ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡಳು. "ನೀವು ನಂಗೆ ಬೇಕು. ಅಷ್ಟೇ."

ಅಪ್ಪ ಸದ್ದಿಲ್ಲದೆ ಎದ್ದು ಒಳಗೆ ಹೋದರು. ಹೋಗಿ ನಲ್ಲಿ ಬಿಟ್ಟರು.

ನಾನು ಎದ್ದು ಅವಳ ಕೆಸರು ಮೆತ್ತಿದ ಕೈ ಹಿಡಿದೆ. "ಗಂಟಲ ಮೇಲೆ ಕತ್ತಿ ಇಟ್ಟು ಬೈದೆಯಲ್ಲ, ಆವತ್ತಿನಿಂದ ನಂಗೂ ನೀನು ಬೇಕು," ಅಂದೆ. ಏಕವಚನ ತಾನಾಗೇ ಬಂದಿತ್ತು. "ಹೋಗಲ್ಲ. ಇಲ್ಲೇ ಇರ್ತೀನಿ."

"ಹಾಗಾದ್ರೆ ಕೂತ್ಕೊ. ಅರ್ಧ ಮೀಸೆಯವನ ಜೊತೆ ಬೀದೀಲಿ ಓಡಾಡೋಕೆ ನಂಗೇನು ಹುಚ್ಚಾ?"

ಉಳಿದರ್ಧವೂ ಹೋಯಿತು. ಇಬ್ಬರೂ ಹೊರಗೆ ಬಂದೆವು. ಮೂಲೆಯ ನಲ್ಲಿಯ ಹತ್ತಿರ ಹೆಂಗಸರು ಸಾಲು ನಿಂತಿದ್ದರು. ನನ್ನ ಬೋಳು ಮುಖ ನೋಡಿದ ಕೂಡಲೇ ಮಾತು ನಿಂತಿತು. ಆ ಮುಖದ ಅರ್ಥ ಎಲ್ಲರಿಗೂ ಗೊತ್ತು. ಕೊನೆಯ ಮನೆಯ ಅಜ್ಜಿ ಬಕೆಟ್ ಕೆಳಗಿಟ್ಟು ಹತ್ತಿರ ಬಂದು ನನ್ನ ಕೆನ್ನೆ ಮುಟ್ಟಿದರು. "ಹೊರಟೆಯೇನಪ್ಪ?"

ಹೌದು ಅಂದುಬಿಡುವುದು ಎಷ್ಟು ಸುಲಭವಿತ್ತು.

"ಇಲ್ಲ ಅಜ್ಜಿ. ನಾನು ಹೋಗಲ್ಲ. ಇಲ್ಲೇ ಇರ್ತೀನಿ."

ಅಷ್ಟು ಜನರ ಎದುರಿಗೆ ಕತ್ತರಿ ನನ್ನ ಕೈ ಹಿಡಿದಳು. ಅಜ್ಜಿ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ನಮ್ಮ ಕೈ ನೋಡಿದರು.

"ಹಾಗಾದ್ರೆ ನಾಳೇನೂ ನೀರು ಬರುತ್ತಾ?"

"ಬರುತ್ತೆ ಅಜ್ಜಿ. ಬೆಳಿಗ್ಗೇನೇ."

"ಸರಿ. ಇದನ್ನ ಮನೆವರೆಗೂ ತಂದ್ಕೊಡಿ," ಅಂದು ಅಜ್ಜಿ ತುಂಬಿದ ಬಕೆಟ್ ತೋರಿಸಿ ಮುಂದೆ ನಡೆದರು. ನಾನು ಹಿಡಿಗೆ ಕೈ ಹಾಕಿದೆ. ಅವಳೂ ಹಾಕಿದಳು. ನೀರು ತುಳುಕದ ಹಾಗೆ ನಿಧಾನವಾಗಿ ಅಜ್ಜಿಯ ಹಿಂದೆ ಹೊರಟೆವು.