ತಾತ ಹೂಂ ಅಂದರು

"ಹೇಗೆ ಬಿದ್ದಿದೆ ನೋಡೇ," ಎಂದಳು ಅಜ್ಜಿ.

ಪೇಲಿನ್ ಮಂಡಿಯೂರಿ ಪೂಜೆಯ ಮೇಜಿನ ಕೆಳಗೆ ನೋಡಿದಳು. ಅರ್ಧಚಂದ್ರದ ಆಕಾರದ ಎರಡು ಕೆಂಪು ಮರದ ತುಂಡುಗಳು ನೆಲದ ಮೇಲೆ ಬಿದ್ದಿದ್ದವು. ತೀರಿಹೋದ ತಾತನನ್ನು ಅಜ್ಜಿ ಏನಾದರೂ ಕೇಳಬೇಕಾದರೆ ಈ ತುಂಡುಗಳನ್ನೇ ಎಸೆಯುತ್ತಿದ್ದಳು. ತುಂಡಿನ ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಒಂದು ಉಬ್ಬು, ಒಂದು ಚಪ್ಪಟೆ ಮೇಲೆ ಬಂದರೆ ತಾತ ಹೂಂ ಅಂದ ಹಾಗೆ. ಎರಡೂ ಚಪ್ಪಟೆ ಮೇಲಾದರೆ ತಾತ ಸುಮ್ಮನೆ ನಗುತ್ತಿದ್ದಾರೆ, ಇನ್ನೊಮ್ಮೆ ಕೇಳಬೇಕು. ಎರಡೂ ಉಬ್ಬು ಮೇಲಾದರೆ ಬೇಡ ಎಂದು ಅರ್ಥ.

ಎರಡೂ ಉಬ್ಬು ಮೇಲಾಗಿದ್ದವು. ಠಪ್, ಠಪ್ ಎಂದು ಬಿದ್ದಲ್ಲೇ ಕೂತಿದ್ದವು. ಇವತ್ತು ಇದು ಮೂರನೆಯ ಸಲ.

ಮೇಜಿನ ಮೇಲೆ ತಾತನ ಫೋಟೋದ ಮುಂದೆ ತಟ್ಟೆಯಲ್ಲಿ ನಾಲ್ಕು ಕೆಂಪು ಕಡುಬುಗಳಿದ್ದವು. ಆಮೆಯ ಬೆನ್ನಿನ ಅಚ್ಚು, ಒಳಗೆ ಸಿಹಿ ಹೂರಣ. ಪೇಲಿನ್ ಸಿಹಿ ತಿಂದು ಇಪ್ಪತ್ತೊಂದು ದಿನವಾಗಿತ್ತು. ಅವಳ ಬಾಯಲ್ಲಿ ನೀರೂರಿತು.

"ಒಂದು ಹೀಗೆ, ಒಂದು ಹಾಗೆ ಅಜ್ಜಿ," ಎಂದಳು. "ತಾತ ಹೂಂ ಅಂದ್ರು."

"ನನಗೆ ಗೊತ್ತಿತ್ತು," ಎಂದಳು ಅಜ್ಜಿ. "ನಿಮ್ಮ ತಾತ ನನಗೆ ಯಾವತ್ತು ಇಲ್ಲ ಅಂದಿದ್ದಾರೆ?"

ಅಜ್ಜಿಯ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಶುಗರ್ ಕಾಯಿಲೆ ಮೊದಲು ಕಣ್ಣಿಗೆ ಬಂತು, ಆಮೇಲೆ ಕಾಲಿಗಿಳಿಯಿತು. ನೆಲದ ಮೇಲೆ ಬಿದ್ದ ತುಂಡುಗಳನ್ನು ನೋಡಿ ಹೇಳುವುದು, ಎತ್ತಿ ಕೊಡುವುದು ಪೇಲಿನ್ ಕೆಲಸ. ಅಜ್ಜಿಗೆ ಬಗ್ಗಲೂ ಆಗುತ್ತಿರಲಿಲ್ಲ.

ಅಜ್ಜಿ ಕಡುಬನ್ನು ಎರಡು ಭಾಗ ಮಾಡಿದಳು. ದೊಡ್ಡದನ್ನು ತನಗೆ ಇಟ್ಟುಕೊಂಡಳು, ಚಿಕ್ಕದನ್ನು ಪೇಲಿನ್‌ಗೆ ಕೊಟ್ಟಳು.

"ನಿಮ್ಮಮ್ಮನಿಗೆ ಹೇಳಬೇಡ. ತೈಪೆಯಲ್ಲಿ ಹುಟ್ಟಿದೋಳು ಅವಳು, ನಮ್ಮ ತೈನಾನ್‌ನೋಳಲ್ಲ. ಅವಳ ನಾಲಿಗೆಗೆ ಉಪ್ಪು ಬಿಟ್ರೆ ಇನ್ನೇನು ಗೊತ್ತು?"

ಪೇಲಿನ್ ಹೇಳಲಿಲ್ಲ. ಬಾಯಿ ತುಂಬ ಕಡುಬಿತ್ತು.

ಮೂರು ವಾರದ ಹಿಂದೆ ಡಾಕ್ಟರ್ ಅಜ್ಜಿಯ ಎಡಗಾಲಿನ ಕಿರುಬೆರಳನ್ನು ತುಂಬ ಹೊತ್ತು ನೋಡಿದ್ದರು. ಚಪ್ಪಲಿ ಉಜ್ಜಿ ಆದ ಗಾಯ, ಎರಡು ತಿಂಗಳಾದರೂ ಮಾಯುತ್ತಿರಲಿಲ್ಲ. ಶುಗರ್ ಇಳಿಯದೆ ಇದ್ದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರ್ ಅಮ್ಮನಿಗೆ ಹೇಳಿದರು. ಪೇಲಿನ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು.

ಅಂದು ಸಂಜೆ ಕಸದ ಲಾರಿ ಹಾಡು ಹಾಕಿಕೊಂಡು ಗಲ್ಲಿಗೆ ಬಂದಾಗ ಅಮ್ಮ ಎರಡು ದೊಡ್ಡ ಚೀಲ ಹೊತ್ತು ಹೊರಗೆ ಹೋದಳು. ಸಕ್ಕರೆ, ಕಪ್ಪು ಬೆಲ್ಲ, ಬಿಸ್ಕತ್ತು, ಜಾಮ್, ಪೇಲಿನ್ ಬಚ್ಚಿಟ್ಟಿದ್ದ ಚಾಕೊಲೇಟ್ ಎಲ್ಲ ಅದರಲ್ಲಿತ್ತು.

"ಅಜ್ಜಿಗೆ ಶುಗರ್ ಇದ್ರೆ ನಾನ್ಯಾಕೆ ಬಿಡಬೇಕು?" ಎಂದು ಪೇಲಿನ್ ಕೇಳಿದಳು.

"ಅವರ ಮುಂದೆ ಕೂತು ನೀನು ಚಾಕೊಲೇಟ್ ತಿಂತೀಯಾ?" ಎಂದಳು ಅಮ್ಮ. ಕೆಳಗಿನ ಅಂಗಡಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಅಪ್ಪ ಕೂಡ ತನ್ನ ಸಿಹಿ ಕಾಫಿ ಬಿಟ್ಟ.

ಆಮೇಲೆ ಮನೆಗೆ ಬಂದ ತಿಂಡಿಗಳನ್ನು ನೋಡಬೇಕಿತ್ತು. ಉದ್ದುದ್ದ ಹೆಚ್ಚಿದ ಸೌತೆಕಾಯಿ, ಕಾಗದದಂಥ ಸಮುದ್ರದ ಪಾಚಿ, ಸಕ್ಕರೆಯಿಲ್ಲದ ಸೋಯಾ ಹಾಲು.

"ಇದು ಹಾಲಾ, ಗೋಡೆಗೆ ಬಳಿಯೋ ಸುಣ್ಣಾನಾ?" ಎಂದಳು ಅಜ್ಜಿ.

"ಅತ್ತೆ, ಒಂದು ಗುಟುಕು ಕುಡೀರಿ."

"ಸಕ್ಕರೆ ಇಲ್ಲದ ಮನೆ ಅಂದ್ರೆ ನಮ್ಮ ತೈನಾನ್‌ನಲ್ಲಿ ಬಡವರ ಮನೆ ಅಂತ. ನಿಮ್ಮ ಮಾವ ಇದ್ದಿದ್ರೆ ಈ ಗತಿ ನನಗೆ ಬರ್ತಿರಲಿಲ್ಲ."

ಅಮ್ಮ ಲೋಟ ತೆಗೆದುಕೊಂಡು ಹೋದಳು. ಆದರೆ ತಾತನ ಎಡೆಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಸಿಹಿ ಇಡಲೇಬೇಕು, ಅದು ಈ ಮನೆಯ ಪದ್ಧತಿ. ಪೂಜೆಯಾದ ಮೇಲೆ ಅದನ್ನೆಲ್ಲ ಗಲ್ಲಿಯಲ್ಲಿ ಮೀನು ಮಾರುವ ಹೆಂಗಸಿಗೆ ಕೊಡಿಸುತ್ತೇನೆ ಎಂದು ಅಜ್ಜಿ ಹೇಳಿದ್ದಳು. ಅಮ್ಮ ನಂಬಿದಳು.

ತೈನಾನ್‌ನಲ್ಲಿ ದೇವರುಗಳಿಗೆ ಬರವೇ? ವಾರಕ್ಕೊಬ್ಬ ದೇವರ ಹುಟ್ಟುಹಬ್ಬ. ಅಮಾವಾಸ್ಯೆ, ಹುಣ್ಣಿಮೆಗಿದ್ದ ಎಡೆ ಬರಬರುತ್ತ ವಾರಕ್ಕೆರಡು ಸಲ ಆಯಿತು, ಅಮ್ಮ ಎಡೆಗೆ ಕಡುಬು ತಂದಿಡುತ್ತಲೇ ಇದ್ದಳು. ಪ್ರತಿ ಸಲವೂ ಅಜ್ಜಿ ತಾತನನ್ನು ಕೇಳುತ್ತಿದ್ದಳು, "ಏನ್ರೀ, ನಿಮ್ಮದು ತಿಂದಾಯ್ತಾ? ಮಿಕ್ಕಿದ್ದು ನಾನು ತಿನ್ನಲಾ?" ತುಂಡುಗಳು ಹೇಗೇ ಬೀಳಲಿ, ಪೇಲಿನ್ ಬಾಯಲ್ಲಿ ಅವು ಹೂಂ ಎಂದೇ ಬೀಳುತ್ತಿದ್ದವು.

ಅವಳಿಗೆ ಕಡುಬಿನ ಆಸೆ ಇತ್ತು ನಿಜ. ಆದರೆ ಕಡುಬು ಬಾಯಿಗಿಟ್ಟಾಗ ಅಜ್ಜಿಯ ಮುಖ ಅರಳುವುದನ್ನು ನೋಡುವ ಆಸೆಯೂ ಇತ್ತು. ಇಡೀ ದಿನದಲ್ಲಿ ಅಜ್ಜಿ ನಗುತ್ತಿದ್ದದ್ದು ಆಗ ಮಾತ್ರ.

ಮುಂದಿನ ತಿಂಗಳ ಟೆಸ್ಟ್‌ನಲ್ಲಿ ಶುಗರ್ ಇಳಿದಿರಲಿಲ್ಲ, ಏರಿತ್ತು. ಅಮ್ಮ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಪೇಲಿನ್, ಅಜ್ಜಿ ಹೊರಗಡೆ ಏನಾದ್ರೂ ತಿಂತಾರಾ?"

"ಇಲ್ಲ."

"ಪ್ರಾಮಿಸ್?"

"ಪ್ರಾಮಿಸ್ ಅಮ್ಮ. ಅಜ್ಜಿ ಹೊರಗೆ ಹೋಗೋದೇ ಇಲ್ವಲ್ಲ."

ಹೇಳಿದ್ದು ಸುಳ್ಳಲ್ಲ. ಆದರೂ ಆ ಸಂಜೆ ಅವಳು ತಾತನ ಫೋಟೋ ಇದ್ದ ಕೋಣೆಗೆ ಕಾಲಿಡಲಿಲ್ಲ.

ಅಜ್ಜಿಯ ಕಿರುಬೆರಳು ಮೊದಲು ನೇರಳೆ ಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪಾಯಿತು. ಪಕ್ಕದ ಬೆರಳೂ ಊದಿಕೊಂಡಿತು. ಒಂದು ಬೆಳಿಗ್ಗೆ ಜ್ವರದಲ್ಲಿ ಅಜ್ಜಿ ಪೇಲಿನ್‌ಳನ್ನು ಬೇರೆ ಯಾರದೋ ಹೆಸರಿಂದ ಕರೆದಳು. ಅಪ್ಪ ಕೈಯ ಆಯಿಲ್ ಕೂಡ ಒರೆಸಿಕೊಳ್ಳದೆ ಓಡಿಬಂದು ಅಜ್ಜಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದ.

ಪೇಲಿನ್ ಸ್ಕೂಲಿಂದ ಆಸ್ಪತ್ರೆಗೆ ಬಂದಾಗ ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ.

"ಎರಡು ತೆಗೆದ್ರು," ಎಂದ.

"ಎರಡು ಏನು?"

"ಬೆರಳು." ಅಪ್ಪ ನೆಲ ನೋಡುತ್ತಿದ್ದ. "ಹುಣ್ಣು ಮೇಲೆ ಹತ್ತಿದ್ರೆ ಪಾದಾನೇ ತೆಗೀಬೇಕಾಗುತ್ತಂತೆ."

ಎರಡು. ಠಪ್, ಠಪ್. ಆ ಸದ್ದು ಪೇಲಿನ್‌ಳ ಕಿವಿಯಲ್ಲಿ ಕೇಳಿಸಿತು.

ಹನ್ನೆರಡು ದಿನದ ಮೇಲೆ ಅಜ್ಜಿ ಮನೆಗೆ ಬಂದಳು. ಕಾಲಿಗೆ ದಪ್ಪನೆಯ ಬ್ಯಾಂಡೇಜ್. ಮೊದಲಿನ ಹಾಗೆ ಯಾರನ್ನೂ ಹಂಗಿಸಲಿಲ್ಲ. ಸೋಯಾ ಹಾಲು ಕೊಟ್ಟರೆ ಕುಡಿದಳು, ಸೌತೆಕಾಯಿ ಕೊಟ್ಟರೆ ಅಗಿದಳು. ಅದನ್ನು ನೋಡುವುದು ಪೇಲಿನ್‌ಗೆ ಇನ್ನೂ ಕಷ್ಟವಾಯಿತು. ಸುಣ್ಣ ಅಂತ ಬೈದಿದ್ದರೇ ಚೆನ್ನಾಗಿತ್ತು.

ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತಿನಲ್ಲಿ ಪೇಲಿನ್ ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ, ನಾನು ಸುಳ್ಳು ಹೇಳಿದ್ದೆ. ತಾತ ಹೂಂ ಅಂದಿರಲಿಲ್ಲ. ತುಂಬ ಸಲ ಬೇಡ ಅಂತಾನೇ ಬಿದ್ದಿತ್ತು."

ಪೇಲಿನ್‌ಗೆ ಅಳು ತಡೆಯಲಾಗಲಿಲ್ಲ. "ನನ್ನಿಂದಾನೇ ನಿನ್ನ ಬೆರಳು ಹೋಯ್ತು."

"ಆ ತುಂಡುಗಳನ್ನ ಇಲ್ಲಿ ತಾ," ಎಂದಳು ಅಜ್ಜಿ.

ಪೇಲಿನ್ ತಂದುಕೊಟ್ಟಳು. ಅಜ್ಜಿ ಅವುಗಳಲ್ಲಿ ಒಂದನ್ನು ಮಾತ್ರ ಕೆಳಗೆ ಬಿಟ್ಟಳು. ಅದು ಠಪ್ ಎಂದು ಬಿದ್ದು ಅಲ್ಲೇ ಕೂತಿತು.

"ಇದು ಹೇಗೆ ಬಿತ್ತು?"

"ಉಬ್ಬು ಮೇಲಾಗಿ."

ಅಜ್ಜಿ ಇನ್ನೊಂದನ್ನು ಬಿಟ್ಟಳು. ಅದು ಉಬ್ಬಿನ ಮೇಲೆ ಬಿದ್ದು ತೊಟ್ಟಿಲ ಹಾಗೆ ತೂಗಿತು. ಟಕ್, ಟಕ್, ಟಕ್.

"ಇದು ಚಪ್ಪಟೆ ಮೇಲಾಗಿದೆ, ಅಲ್ವಾ? ಅರವತ್ತು ವರ್ಷದಿಂದ ಎಸೀತಿದ್ದೀನಿ ಕಣೇ. ನೋಡೋದಕ್ಕೆ ಕಣ್ಣು ಯಾಕೆ ಬೇಕು?"

ಪೇಲಿನ್ ಅಳು ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು. "ಹಾಗಿದ್ರೆ ನಿನಗೆ ಗೊತ್ತಿತ್ತಾ?"

"ಮೊದಲನೇ ದಿನದಿಂದ."

"ಮತ್ತೆ ಯಾಕೆ ನನ್ನ ಕೇಳ್ತಿದ್ದೆ?"

ಅಜ್ಜಿ ಬ್ಯಾಂಡೇಜಿನ ಕಡೆ ನೋಡಿದಳು. "ನನಗೆ ಕಡುಬು ಬೇಕಿತ್ತು. ನನ್ನ ಬಾಯಲ್ಲಿ ಸುಳ್ಳು ಹೇಳೋಕೆ ನಾಚಿಕೆ. ನಿನ್ನ ಬಾಯಲ್ಲಿ ಹೇಳಿಸಿದೆ. ಹತ್ತು ವರ್ಷದ ಮಗು ಬಾಯಲ್ಲಿ."

ಅಜ್ಜಿ ಅಳುವುದನ್ನು ಪೇಲಿನ್ ಅವತ್ತೇ ಮೊದಲು ನೋಡಿದ್ದು. ಏನು ಮಾಡಬೇಕೆಂದು ತಿಳಿಯದೆ ತನ್ನ ಸ್ಕೂಲ್ ಯೂನಿಫಾರ್ಮಿನ ತೋಳಿನಿಂದಲೇ ಅವಳ ಕೆನ್ನೆ ಒರೆಸಿದಳು.

ಅಮ್ಮ ಬಂದ ಮೇಲೆ ಅಜ್ಜಿಯೇ ಎಲ್ಲ ಹೇಳಿದಳು. "ಮೀನಿನವಳಿಗೆ ಒಂದೂ ಕೊಟ್ಟಿಲ್ಲ. ಎಲ್ಲ ನಾನೇ ತಿಂದೆ. ಮಗೂನ ಬೈಬೇಡ." ಅಮ್ಮ ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಹೋದಳು. ಬೈದಿದ್ದರೆ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಒಂದು ಭಾನುವಾರ ಅಜ್ಜಿ ಸೌತೆಕಾಯಿಯ ತಟ್ಟೆ ದೂಡಿದಳು. "ಸಂಜೆಯಾದ್ರೆ ಬಾಯಿ ಏನೋ ಕೇಳುತ್ತೆ ಕಣೇ. ಇದು ಬಾಯಿಗೆ ಗೊತ್ತೇ ಆಗಲ್ಲ."

"ಚಿಕ್ಕವಳಿದ್ದಾಗ ನೀನು ಏನು ತಿಂತಿದ್ದೆ?" ಎಂದು ಕೇಳಿದಳು ಪೇಲಿನ್. "ಆಗ್ಲೂ ಕಡುಬೇನಾ?"

"ಕಡುಬು? ವರ್ಷಕ್ಕೊಂದು ಸಿಕ್ಕಿದ್ರೆ ಪುಣ್ಯ. ನಮ್ಮಪ್ಪ ಕಬ್ಬು ಕಡೀತಿದ್ದ. ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು. ಒಂದು ಜಲ್ಲೆ ಮುಟ್ಟಿದ್ರೆ ಕಾವಲುಗಾರ ಬೆನ್ನಿಗೆ ಬಾರಿಸ್ತಿದ್ದ. ದುಡ್ಡು ಕಂಡ ಮೇಲೆ ದಿನಾ ಸಕ್ಕರೆ ತಿಂತೀನಿ ಅಂತ ಆಗಲೇ ಹಟ ಹಿಡಿದಿದ್ದೆ."

"ಮತ್ತೆ ಹಸಿವಾದ್ರೆ?"

"ಕಡಲೆಕಾಯಿ. ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸೋರು. ಬಡವರ ತಿಂಡಿ. ನಿಮ್ಮ ತಾತನ್ನ ಮದುವೆಯಾದ ಮೇಲೆ ಅದನ್ನ ಮನೆಯೊಳಗೆ ಬಿಟ್ಟಿಲ್ಲ ನಾನು."

ಪೇಲಿನ್ ಅಮ್ಮನಿಗೆ ಹೇಳಿದಳು. ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಒಂದು ಹಿಡಿ ತಿನ್ನಬಹುದು, ಉಪ್ಪು ಹೆಚ್ಚು ಬೇಡ ಎಂದರು ಡಾಕ್ಟರ್.

ಅಜ್ಜಿ ಕುರ್ಚಿಯಲ್ಲಿ ಕೂತು ಹೇಳಿದಳು, ಪೇಲಿನ್ ಬೇಯಿಸಿದಳು. ಉಪ್ಪು, ಒಂದೇ ಒಂದು ಚಕ್ರಮೊಗ್ಗು. ಮೊದಲನೆಯ ಸಲ ಹಸಿಹಸಿ. ಎರಡನೆಯ ಸಲ ನೀರು ಆರಿ ತಳ ಹತ್ತಿತು. "ನಿಮ್ಮಮ್ಮನ ಮಗಳೇ ನೀನು," ಎಂದಳು ಅಜ್ಜಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ನಗು ಬಂತು. ಅಜ್ಜಿ ಮತ್ತೆ ಹಂಗಿಸಲು ಶುರು ಮಾಡಿದ್ದಳು.

ಮೂರನೆಯ ಸಲ ಒಲೆ ಆರಿಸಿದ ಮೇಲೂ ಕಡಲೆಕಾಯಿಯನ್ನು ಅದೇ ನೀರಿನಲ್ಲಿ ಬಿಟ್ಟರು. ಅಜ್ಜಿ ಒಂದನ್ನು ಒಡೆದು ಮೊದಲು ಸಿಪ್ಪೆಯೊಳಗಿನ ನೀರು ಹೀರಿದಳು, ಆಮೇಲೆ ಬೀಜ ತಿಂದಳು. ಚೆನ್ನಾಗಿದೆ ಎನ್ನಲಿಲ್ಲ. ಇನ್ನೊಂದಕ್ಕೆ ಕೈ ಹಾಕಿದಳು.

ಹುಣ್ಣಿಮೆಯ ದಿನ ಪಕ್ಕದ ಮನೆಯವರು ಒಂದು ಡಬ್ಬಿ ತಂದುಕೊಟ್ಟರು. ಅವರ ಮೊಮ್ಮಗನಿಗೆ ಒಂದು ತಿಂಗಳು ತುಂಬಿತ್ತು. ಡಬ್ಬಿಯಲ್ಲಿ ಕೆಂಪು ಕಡುಬುಗಳು. ಮಗುವಿನ ಹೆಸರಲ್ಲಿ ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಅಮ್ಮ ಅವನ್ನು ತಾತನ ಮುಂದಿಟ್ಟು, ಪೂಜೆಯಾದ ಕೂಡಲೇ ಮೀನಿನ ಹೆಂಗಸಿಗೆ ಕೊಟ್ಟು ಬಾ ಎಂದು ಪೇಲಿನ್‌ಗೆ ಹೇಳಿ ಕೆಳಗೆ ಅಂಗಡಿಗೆ ಹೋದಳು.

ಅಜ್ಜಿ ಊರುಗೋಲು ಹಿಡಿದು ಮೇಜಿನವರೆಗೆ ಬಂದಳು. ಊದುಬತ್ತಿ ಹಚ್ಚಿದಳು. ಬಹಳ ಹೊತ್ತು ಕಡುಬಿನ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು.

"ತುಂಡು ಕೊಡು," ಎಂದಳು.

"ಅಜ್ಜಿ, ಬೇಡ."

"ಕೊಡೇ."

ಪೇಲಿನ್ ಕೊಟ್ಟಳು. ಅಜ್ಜಿ ತುಂಡುಗಳನ್ನು ಹಣೆಗೆ ಮುಟ್ಟಿಸಿಕೊಂಡಳು. "ಏನ್ರೀ, ನಿಮ್ಮದು ತಿಂದಾಯ್ತಾ? ಒಂದೇ ಒಂದು ತಿನ್ನಲಾ?"

ಎರಡೂ ಉಬ್ಬು ಮೇಲಾಗಲಿ ಎಂದು ಪೇಲಿನ್ ಮನಸ್ಸಿನಲ್ಲೇ ಬೇಡಿಕೊಂಡಳು. ಅಜ್ಜಿ ಎಸೆದಳು.

ಠಪ್.

ಟಕ್, ಟಕ್, ಟಕ್.

"ಹೇಗೆ ಬಿದ್ದಿದೆ ನೋಡೇ," ಎಂದಳು ಅಜ್ಜಿ.

ಪೇಲಿನ್ ನೋಡಿದಳು. ಒಂದು ಉಬ್ಬು, ಒಂದು ಚಪ್ಪಟೆ. ಇಷ್ಟು ದಿನ ಬೇಡ ಬೇಡ ಎಂದ ತಾತ ಇವತ್ತು ನಿಜವಾಗಿ ಹೂಂ ಅಂದಿದ್ದರು. ಒಂದು ಬೆರಳು ಚಾಚಿ ತುಂಡನ್ನು ಮಗುಚಿಬಿಡಬಹುದಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಹೂಂ ಅಂತ ಬಿದ್ದಿದೆ, ಅಜ್ಜಿ."

"ಕೇಳಿಸ್ತು."

ಕೆಳಗೆ ಅಪ್ಪ ಯಾವುದೋ ಸ್ಕೂಟರ್ ಚಾಲೂ ಮಾಡಿ ನೋಡುತ್ತಿದ್ದ. ಅಜ್ಜಿಯ ಕೈ ತಟ್ಟೆಯ ಅಂಚಿನವರೆಗೆ ಹೋಯಿತು. ಅಲ್ಲೇ ನಿಂತಿತು.

"ನಿಮ್ಮ ತಾತನಿಗೇನು," ಎಂದಳು. "ಸತ್ತು ಹಾಯಾಗಿದ್ದಾರೆ. ಕಾಲು ನನ್ನದು ತಾನೆ?"

ಅವಳು ಕುರ್ಚಿಯಲ್ಲಿ ಕುಸಿದು ಕೂತು ಕೈ ಚಾಚಿದಳು. "ಕಡಲೆಕಾಯಿ ಬಟ್ಟಲು ಇತ್ತ ಕೊಡು."

ತಾತ ಏನಂದರು, ತಾನು ಏನಂದೆ ಎನ್ನುವುದರಿಂದ ಅಜ್ಜಿಯ ಕೈ ತಟ್ಟೆಯ ಬಳಿ ನಿಂತದ್ದಲ್ಲ ಎಂದು ಪೇಲಿನ್‌ಗೆ ಅನ್ನಿಸಿತು. ಅವಳು ಬಟ್ಟಲು ತಂದು ಅಜ್ಜಿಯ ಪಕ್ಕ ಕೂತಳು. ಸಿಪ್ಪೆ ಸುಲಿದು ಒಂದೊಂದೇ ಬೀಜವನ್ನು ಆ ಕೈಗೆ ಇಡುತ್ತ ಹೋದಳು.

"ಉಪ್ಪು ಕಮ್ಮಿ," ಎಂದಳು ಅಜ್ಜಿ.

"ಡಾಕ್ಟರ್ ಹೇಳಿದ್ದಾರಲ್ಲ."

"ಅವರು ಎಲ್ಲಾನೂ ಹೇಳ್ತಾರೆ."

ಮೇಜಿನ ಮೇಲೆ ನಾಲ್ಕು ಕಡುಬುಗಳು ಕೆಂಪಗೆ ಹೊಳೆಯುತ್ತಿದ್ದವು. ಇಬ್ಬರ ಕಣ್ಣೂ ಅವುಗಳ ಮೇಲೇ ಇತ್ತು. ಇಬ್ಬರೂ ಕಡಲೆಕಾಯಿ ತಿನ್ನುತ್ತಿದ್ದರು.