ಬೀದಿಗೆ ಬೆನ್ನು ಹಾಕಿ ಕೂತವರು

ಹೆಣ್ಣು ನೋಡುವವರು ಸೋಮವಾರ ಮಳವಳ್ಳಿಯಿಂದ ಬರುತ್ತಾರೆ ಅಂತ ಗೊತ್ತಾದ ಮೇಲೆ, ಶನಿವಾರ ಮಧ್ಯಾಹ್ನ ಶಿವನಂಜಿ ಊರ ಗಡಿಕಲ್ಲು ದಾಟಿದಳು.

ದಾಟಬಾರದಿತ್ತು. ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ಅದು. ಹಲಗೂರಿನಿಂದ ಎರಡು ಮೈಲಿ ಒಳಗಿನ ಹುಣಸೆಕೊಪ್ಪಲಲ್ಲಿ ಇಲಿ ಬಿದ್ದು ಒಂದೂವರೆ ತಿಂಗಳಾಗಿತ್ತು. ಪ್ಲೇಗು ಬಂದ ಊರಲ್ಲಿ ಯಾರೂ ಇರುವುದಿಲ್ಲ. ಒಳಗೆ ಬಿಸಿಲು ಬೀಳಲಿ ಅಂತ ಮನೆಗಳ ಹೆಂಚು ತೆಗೆದು, ಬಾಗಿಲಿಗೆ ಬೀಗ ಜಡಿದು, ಜನವೆಲ್ಲ ಅರ್ಧ ಮೈಲಿ ಆಚೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಊರೊಳಗೆ ಕಾಲಿಟ್ಟವರು ಹತ್ತು ದಿನ ಬೇರೆ ಗುಡಿಸಲಲ್ಲಿ ಒಬ್ಬರೇ ಇದ್ದು ಆಮೇಲೆ ಜನರೊಳಗೆ ಸೇರಬೇಕು. ಇದು ಊರವರೇ ಮಾಡಿಕೊಂಡ ಕಟ್ಟು. ಶಿವನಂಜಿಗೆ ಅದು ಚೆನ್ನಾಗಿ ಗೊತ್ತಿತ್ತು.

ಊರೊಳಗೆ ಉಳಿದಿದ್ದವನು ಕೆಂಪಸಿದ್ದಯ್ಯ ಒಬ್ಬನೇ. ಅವಳ ಸೋದರತ್ತೆಯ ಮಗ, ವರಸೆಯಲ್ಲಿ ಬಾವ. ಮೂರು ವರ್ಷದ ಹಿಂದೆ ಅವನಿಗೂ ಅವನ ತಾಯಿಗೂ ಒಂದೇ ವಾರದಲ್ಲಿ ಪ್ಲೇಗಿನ ಗಡ್ಡೆ ಎದ್ದಿತ್ತು. ತಾಯಿ ಹೋದಳು, ಅವನು ಉಳಿದ. ಒಮ್ಮೆ ಬಂದು ಬದುಕಿದವನಿಗೆ ಮತ್ತೆ ಬರುವುದಿಲ್ಲ ಅಂತ ಹಿರಿಯರು ಸಲೀಸಾಗಿ ಹೇಳಿ, ಕಳ್ಳರಿಂದ ಊರು ಕಾಯುವುದಕ್ಕೆ ಅವನನ್ನು ಬಿಟ್ಟು ಬಂದಿದ್ದರು. ಅವನು ಒಲ್ಲೆ ಅನ್ನಲಿಲ್ಲ. ಯಾರಿಗೂ ಯಾವತ್ತೂ ಒಲ್ಲೆ ಅಂದವನೇ ಅಲ್ಲ. ಅದಕ್ಕೇ ಶಿವನಂಜಿಗೆ ಅವನ ಮೇಲೆ ಎಷ್ಟು ಸಿಟ್ಟೋ ಅಷ್ಟೇ ಆಸೆ.

ದಿನಾ ಗಡಿಕಲ್ಲಿನ ಹತ್ತಿರ ಮುದ್ದೆ, ಸಾರು ಇಟ್ಟು ಬರುವವಳು ಅವಳೇ. ಮೊದಮೊದಲು ಅವನು ಆಚೆ ಬೇವಿನ ಮರದಡಿ ನಿಂತಿರುತ್ತಿದ್ದ.

"ಸಾರಿಗೆ ಉಪ್ಪು ಜಾಸ್ತಿ ಕಣಮ್ಮಿ!"

"ನಾಳೆಯಿಂದ ಉಪ್ಪೇ ಆಕಕ್ಕಿಲ್ಲ ಬುಡು ಬಾವ!"

ಇಷ್ಟೇ ಮಾತು. ಇಷ್ಟಕ್ಕೇ ಅವಳು ಗುಡಿಸಲಿಗೆ ವಾಪಸು ಬರುವಾಗ ದಾರಿಯ ಕಲ್ಲುಮುಳ್ಳು ಕಾಲಿಗೆ ತಗುಲುತ್ತಿರಲಿಲ್ಲ. ಆದರೆ ಮೂರು ವಾರದಿಂದ ಆಳೇ ಕಾಣದು. ಮಡಕೆ ಮಾತ್ರ ತೊಳೆದು ಬೋರಲು ಹಾಕಿರುತ್ತಿತ್ತು. ಇವತ್ತು ಗಡಿ ದಾಟಿದರೆ ಸೋಮವಾರದ ಶಾಸ್ತ್ರ ಹೇಗೂ ತಪ್ಪುತ್ತದೆ. ಅದಾದ ಮೇಲೆ ಬಾವ ಊರಾಚೆ ಬಂದು ತನ್ನನ್ನು ಕೊಡಿ ಅಂತ ಅಪ್ಪನನ್ನು ಕೇಳುತ್ತಾನೋ ಇಲ್ಲವೋ, ಅದೊಂದೇ ಅವಳಿಗೆ ಗೊತ್ತಾಗಬೇಕಿತ್ತು.

ಊರಲ್ಲಿ ಒಂದು ಕೋಳಿಯ ಸದ್ದೂ ಇಲ್ಲ. ಹೆಂಚಿಲ್ಲದ ಮನೆಗಳೊಳಗೆ ಬಿಸಿಲು ತುಂಬಿಕೊಂಡು, ಬಾಗಿಲ ಸಂದಿಯಿಂದ ಬೀದಿಗೆ ಇಣುಕುತ್ತಿತ್ತು. ಮೊದಲ ಮನೆ ದೊಡ್ಡಸಿದ್ದಯ್ಯನದು. ಜಗಲಿಯ ಮೇಲೆ ಕಂಬಳಿ ಹೊದ್ದು, ಬೀದಿಗೆ ಬೆನ್ನು ಹಾಕಿ ಅವನು ಕೂತಿದ್ದ.

"ದೊಡ್ಡಯ್ಯ, ನೀನ್ ಯಾವಾಗ ಬಂದೆ?" ಅಂದಳು. ಅಂದ ಮೇಲೆ ಮೈ ಝುಮ್ಮೆಂದಿತು. ದೊಡ್ಡಸಿದ್ದಯ್ಯ ಈಗತಾನೆ ಗುಡಿಸಲ ಮುಂದೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದನ್ನು ಅವಳು ಕಣ್ಣಾರೆ ನೋಡಿ ಬಂದಿದ್ದಳು.

ಜಗಲಿಯವನು ತಿರುಗಲಿಲ್ಲ. ಅವಳು ಹತ್ತಿರ ಹೋಗಿ ಕಂಬಳಿ ಮುಟ್ಟಿದಳು. ಒಳಗೆ ರಾಗಿ ಹುಲ್ಲು ಗರಗರ ಅಂದಿತು. ತಲೆ ಅನ್ನುವುದು ಬೋರಲು ಹಾಕಿದ ಮಡಕೆ. ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ.

ಬೀದಿಯ ಉದ್ದಕ್ಕೂ ಅದೇ. ಕಂಸಾಳೆ ಬೋರಯ್ಯನ ಜಗಲಿಯಲ್ಲಿ ಬೋರಯ್ಯ, ಅವನ ಮಗ್ಗುಲಲ್ಲಿ ಹೆಂಡತಿ ಯಶೋದಮ್ಮ, ಆಚೆ ಮನೆಯಲ್ಲಿ ಮಗ್ಗಿಯ ಮೇಷ್ಟ್ರು. ಎಲ್ಲರೂ ಬೀದಿಗೆ ಬೆನ್ನು ಹಾಕಿ, ತಮ್ಮ ತಮ್ಮ ಮುಚ್ಚಿದ ಬಾಗಿಲು ನೋಡುತ್ತಾ ಕೂತಿದ್ದರು. ಬೋರಯ್ಯನ ಎಡಭುಜ ಇಳಿಬಿದ್ದಿರುವುದು, ಮೇಷ್ಟ್ರು ಕತ್ತು ಓರೆ ಮಾಡುವುದು, ಒಂದೂ ತಪ್ಪಿರಲಿಲ್ಲ. ಅವಳು ಉಸಿರು ಬಿಗಿಹಿಡಿದು ನಡೆದಳು. ಒಬ್ಬರಾದರೂ ಹಿಂತಿರುಗಿ ನೋಡಿಬಿಟ್ಟರೆ ಅಲ್ಲೇ ಸತ್ತುಹೋಗುತ್ತೇನೆ ಅನ್ನಿಸಿತು.

ಕೊನೆಯ ಮನೆಯ ಜಗಲಿಯಲ್ಲಿ ಮುದುಕಿ ಪಟ್ಟಲಮ್ಮ ಕೂತಿದ್ದಳು. ಅದೇ ಹಸಿರು ಸೀರೆ, ಅದೇ ಗೂನು ಬೆನ್ನು. ಮುಂದೆ ಒಂದು ಎಲೆಯಲ್ಲಿ ಮುದ್ದೆಯ ತುತ್ತು, ಇನ್ನೂ ಒಣಗದ್ದು. ಪಟ್ಟಲಮ್ಮ ಗುಡಿಸಲಲ್ಲಿ ತೀರಿಕೊಂಡು ಅವತ್ತಿಗೆ ಹನ್ನೆರಡು ದಿನ.

ಎದುರಿಗೇ ಅವಳ ಸ್ವಂತ ಮನೆ. ಅಪ್ಪ ಇದ್ದ, ಅವ್ವ ಇದ್ದಳು. ತಾನಿರಲಿಲ್ಲ. ಅಷ್ಟು ಹೆದರಿಕೆಯಲ್ಲೂ ಅವಳಿಗೆ ಸಿಟ್ಟು ಬಂತು. ಊರವರೆಲ್ಲ ನೆನಪಾದರು, ನಾನೊಬ್ಬಳು ನೆನಪಾಗಲಿಲ್ಲವೆ?

"ಅಲ್ಲೇ ನಿಲ್ಲಮ್ಮಿ. ಒಳಿಕ್ ಬರಬ್ಯಾಡ."

ದನಿ ಪಕ್ಕದ ಮನೆಯಿಂದ ಬಂತು, ಅವನ ಮನೆಯಿಂದ. ಬಾಗಿಲ ಹಿಂದೆ ಅರ್ಧ ಮುಖ ಕಂಡಿತು. ಗಡ್ಡ ಬೆಳೆದಿತ್ತು. ಕಣ್ಣು ಬಿಸಿಲಿಗೆ ಕಿರಿದಾಗಿತ್ತು. ಅವಳನ್ನು ನೋಡಿ, ನೋಡಿದ್ದಕ್ಕೇ ಹೆದರಿದವನಂತೆ ಆ ಕಣ್ಣು ನೆಲಕ್ಕೆ ಇಳಿಯಿತು.

"ಬಂದಾಯ್ತಲ್ಲ," ಅಂದಳು ಶಿವನಂಜಿ. "ಏನ್ ಬಾವ ಇದು? ಊರೆಲ್ಲ ಕೂರ್ಸಿದ್ದೀಯ."

"ಕಳ್ಳರು ದೂರದಿಂದ ನೋಡಿದ್ರೆ ಜನ ಅವರೆ ಅನ್ಕೊಳ್ಳಲಿ ಅಂತ."

"ಬಟ್ಟೆ?"

"ಎಂಚಿಲ್ದ ಮನೆಗೆ ಬೀಗ ಯಾಕಮ್ಮಿ? ಮ್ಯಾಲಿಂದ ಇಳ್ದೆ."

ಅವಳಿಗೆ ನಗು ಬಂತು. ಅವನ ತುಟಿಯೂ ಒಂಚೂರು ಅಲುಗಿತು. ಮೂರು ವಾರದಿಂದ ಈ ಅಲುಗಾಟಕ್ಕೇ ಅವಳು ಕಾದಿದ್ದು.

"ಮುಖ ಯಾಕೆ ಬರೀಲಿಲ್ಲ?"

"ಮುಖ ಇದ್ರೆ ಮಾತಾಡುಸ್ಬೇಕಾಯ್ತದೆ," ಅಂದ. ಬೀದಿಯ ಕಡೆ ನೋಡಿ, "ಊರೋರು ಬಂದ್ಮ್ಯಾಲೂ ಇಂಗೇ ಬೆನ್ ಆಕ್ಕೊಂಡ್ ಕೂತಿದ್ರೆ ಸಾಕು ಅನ್ನುಸ್ತದೆ ನಂಜಿ. ಜನ ನೋಡುದ್ರೆ ಎದೆ ಡವಗುಟ್ತದೆ. ಗಡಿಕಲ್ಲಿನ್ ತಾವ್ಕೂ ಬರಕ್ಕಾಗ್ಲಿಲ್ಲ. ನೀನು ವಾಪಸ್ ಓದ್ಮ್ಯಾಲೆ ಬಂದು ಮಡಕೆ ತಗೊತಿದ್ದೆ."

ಅವಳು ಬಾಗಿಲು ತಳ್ಳಿ ಒಳಗೆ ನಡೆದೇಬಿಟ್ಟಳು. ಅಲ್ಲಿ ಅವನು ಕಟ್ಟಿಕೊಂಡದ್ದು ಕಾಣಿಸಿತು. ನಡುಮನೆಯ ತುಂಬ ರಾಗಿ ಹುಲ್ಲು. ತೋಳುದ್ದ ದಪ್ಪಕ್ಕೆ ಹೆಣೆದು ಹೆಣೆದು ಗೋಡೆ ಎಬ್ಬಿಸಿ, ನಡುವೆ ಒಬ್ಬರು ಮಂಡಿ ಮಡಚಿ ಕೂರುವಷ್ಟು ಗೂಡು ಬಿಟ್ಟಿದ್ದ. ಮುಚ್ಚಿಕೊಳ್ಳುವುದಕ್ಕೆ ಹುಲ್ಲಿನದೇ ಬಾಗಿಲು.

"ಕೂರ್ತೀನಿ," ಅಂದಳು.

"ಬ್ಯಾಡ."

ಕೂತಳು. ಕೈಯಾರೆ ಬಾಗಿಲು ಎಳೆದುಕೊಂಡಳು. ಕತ್ತಲು ಬಂತು, ಸದ್ದು ನಿಂತಿತು. ಗಾಳಿಯಿಲ್ಲ, ಬಾವನ ಉಸಿರಿಲ್ಲ, ಕಿವಿಯೊಳಗೆ ತನ್ನ ರಕ್ತ ಓಡುವುದೊಂದೇ ಕೇಳುತ್ತಿತ್ತು. ಮೊದಲು ಕೂಗಿಕೊಳ್ಳಬೇಕು ಅನ್ನಿಸಿತು. ಆಮೇಲೆ ಅನ್ನಿಸಲಿಲ್ಲ. ಸೋಮವಾರ ಇಲ್ಲ, ಮಳವಳ್ಳಿಯವರಿಲ್ಲ, ಅಪ್ಪನ ಬೈಗುಳವಿಲ್ಲ, ಸತ್ತವರ ಲೆಕ್ಕವಿಲ್ಲ. ಹುಲ್ಲು ನಾಲ್ಕೂ ಕಡೆಯಿಂದ ಮೆತ್ತಗೆ ಒತ್ತುತ್ತಾ ಹತ್ತಿರ ಬಂದಂತಿತ್ತು. ಇಲ್ಲೇ ಇದ್ದುಬಿಡೋಣ ಅಂತ ತನ್ನ ಮನಸ್ಸೇ ಸಿಹಿಯಾಗಿ ಹೇಳಿದಾಗ ಅವಳಿಗೆ ನಿಜವಾದ ಹೆದರಿಕೆ ಹುಟ್ಟಿತು. ಬಾಗಿಲು ಒದ್ದು ಹೊರಬಂದಳು.

ಎಷ್ಟು ಹೊತ್ತಾಗಿತ್ತೋ, ಬಿಸಿಲು ಗೋಡೆ ಏರಿತ್ತು. ಅವನು ಗಾಬರಿಯಿಂದ ನಿಂತಿದ್ದ.

"ಎಷ್ಟ್ ಕೂಗ್ದೆ! ಕೇಳುಸ್ಲೇ ಇಲ್ವ?"

"ಇಲ್ಲ ಬಾವ," ಅಂದಳು. "ಅವತ್ತು ನಾನು ಗಡಿಕಲ್ ತಾವ ನಿಂತು ಕೂಗ್ದಾಗ ನಿಂಗೂ ಇಂಗೇ ಕೇಳುಸ್ಲಿಲ್ಲ."

"ಯಾವತ್ತು?"

"ಪಟ್ಟಲಜ್ಜಿ ತೀರೋದ ದಿನ."

ತಾಯಿ ಸತ್ತ ವರ್ಷ ಯಾರೂ ಅವನ ಹತ್ತಿರ ಸುಳಿಯದಿದ್ದಾಗ, ಕೈಯಿಂದ ಗಂಜಿ ಕುಡಿಸಿದವಳು ಪಟ್ಟಲಮ್ಮ.

"ಕೊನೇಗಂಟ ನಿನ್ ಹೆಸ್ರೇ ಹೇಳ್ತಿದ್ಲು. ಸಿದ್ದ ಬಂದ್ನಾ, ದೂರ್ದಲ್ಲೇ ನಿಂತು ಒಂದ್ ಮಾತಾಡ್ಲಿ ಅಂತ. ನಾನು ಗಂಟ್ಲು ಹರಿಯೋಗಂಟ ಕೂಗ್ದೆ ಬಾವ."

ಅವನು ಹೊರಗೆ ಓಡಿದ. ಹಸಿರು ಸೀರೆಯ ಗೊಂಬೆಯ ಮುಂದೆ ಕುಕ್ಕರಿಸಿದ. "ದಿನಾ ಮೊದ್ಲ ತುತ್ತು ಇವಳಿಗೇ ಮಡಗ್ತಿದ್ದೆ," ಅಂದ. ಅಂದು, ಚಿಕ್ಕ ಮಗುವಿನಂತೆ ಅತ್ತ. ಶಿವನಂಜಿಯೂ ಅತ್ತಳು. ಆಮೇಲೆ ಇಬ್ಬರೂ ಸೇರಿ ಗೊಂಬೆಯನ್ನು ಮೆಲ್ಲಗೆ ಕೆಳಗಿಳಿಸಿ ಮಲಗಿಸಿದರು. ಅವನು ಸೀರೆ ಬಿಚ್ಚಿ ಮಡಚಿದ. ಹುಲ್ಲನ್ನು ಹಿತ್ತಲಿಗೆ ಒಯ್ದು ಕಡ್ಡಿ ಗೀರಿದ. ಬೆಂಕಿ ಆರುವವರೆಗೆ ಬೀದಿಯ ಬೆನ್ನುಗಳೆಲ್ಲ ಆಲಿಸುತ್ತಿದ್ದವು ಅಂತಲೇ ಶಿವನಂಜಿಗೆ ಅನ್ನಿಸುತ್ತಿತ್ತು.

"ಒಂದ್ ಕೇಳ್ಲಾ?" ಅಂದಳು. "ನನ್ನ ಗೊಂಬೆ ಯಾಕ್ ಮಾಡ್ಲಿಲ್ಲ?"

ಈಗ ಅವನು ಅವಳನ್ನು ನೇರವಾಗಿ ನೋಡಿದ. ಕಣ್ಣು ಇಳಿಯಲಿಲ್ಲ.

"ಮೂರ್ ಸಲ ಹುಲ್ಲು ಕಟ್ದೆ. ಮೂರ್ ಸಲಾನೂ ಬಿಚ್ದೆ. ನೀನೂ ಬೆನ್ ಆಕ್ಕೊಂಡ್ ಕೂತ್ರೆ ನಾನು ಬದುಕಾಕಿಲ್ಲ ಅನ್ನುಸ್ತು."

ಅವಳ ಕಿವಿ ಬಿಸಿಯಾಯಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಸೋಮವಾರ ನನ್ನ ನೋಡಕ್ಕೆ ಬತ್ತಾ ಅವರೆ," ಅಂದಳು ಕೊನೆಗೆ.

"ಅಂಗಾದ್ರೆ ಇಲ್ಯಾಕ್ ಬಂದೆ? ಅತ್ತು ದಿನ ನಿನ್ನ ಯಾರೂ ಒಳಿಕ್ ಸೇರ್ಸಕ್ಕಿಲ್ಲ!" ಅಂದವನು ಥಟ್ಟನೆ ಮಾತು ನಿಲ್ಲಿಸಿದ. "ಗೊತ್ತಿದ್ದೇ ಬಂದ್ಯಾ?"

"ಮತ್ತೆ? ಉಪ್ಪು ಸರಿ ಐತಾ ಕೇಳಕ್ಕೆ ಬಂದ್ನಾ?"

ಇಬ್ಬರೂ ಹೊರಟರು. ಗಡಿಕಲ್ಲಿನವರೆಗಿನ ದಾರಿಯಲ್ಲಿ ಅವನು ಎರಡು ಸಲ ನಿಂತ. ಎರಡನೇ ಸಲ ಊರ ಕಡೆಗೆ ತಿರುಗಿ ನೋಡಿದ. ಬಾ ಅಂತ ಅವಳು ಎಳೆಯಲಿಲ್ಲ. ತಾನೂ ನಿಂತಳು, ಅವನು ಹೆಜ್ಜೆ ಕಿತ್ತಾಗ ತಾನೂ ಕಿತ್ತಳು.

ಅವಳನ್ನು ಹುಡುಕಿಕೊಂಡು ಬಂದ ಜನ ಆಗಲೇ ಕಲ್ಲಿನಾಚೆ ಸೇರಿದ್ದರು. ನಲವತ್ತು ಮುಖ, ಎಲ್ಲವೂ ಈ ಕಡೆಗೇ. ಕೆಂಪಸಿದ್ದಯ್ಯನ ಹಣೆಯಲ್ಲಿ ಬೆವರೊಡೆಯಿತು. ಮುಂದೆ ನಿಂತಿದ್ದ ಶಿವನಂಜಿಯ ಅಪ್ಪ ಲಿಂಗಯ್ಯ ಕೋಲು ನೆಲಕ್ಕೆ ಕುಟ್ಟಿದ.

"ಏನ್ ಮಾಡ್ದೆಮ್ಮಿ! ನಾಡಿದ್ದು ಬರೋರಿಗೆ ಏನ್ ಹೇಳ್ಲಿ?"

ಕೆಂಪಸಿದ್ದಯ್ಯ ಒಂದು ಹೆಜ್ಜೆ ಹಿಂದಿಟ್ಟ. ಈಗ ಇವನು ತಿರುಗಿ ಓಡಿದರೆ ತಾನು ಹಿಂದೆ ಹೋಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆ ಗೂಡಿನ ಸಿಹಿ ಅವಳಿಗೂ ತಗುಲಿತ್ತು, ಇನ್ನೊಮ್ಮೆ ಒಳಗೆ ಹೋದರೆ ಹೊರಗೆ ಬರುವುದಿಲ್ಲ ಅನ್ನುವ ಹೆದರಿಕೆ ಇತ್ತು.

"ಮಾವ," ಅಂದ ಅವನು ಕೊನೆಗೆ. "ಎಲ್ಡು ಗುಡುಸ್ಲು ಆಕ್ಸಿ."

"ನಿಂಗ್ಯಾಕ್ಲಾ? ನಿಂಗೆ ಊರೇ ಐತಲ್ಲ."

"ಊರೊಳಗೆ ಯಾರೂ ಇಲ್ಲ ಮಾವ. ಅತ್ತು ದಿನ ಇಲ್ಲೇ, ನಿಮ್ ಕಣ್ ಮುಂದೆ ಇರ್ತೀನಿ. ಅನ್ನೊಂದನೇ ದಿನ ನಿಮ್ ಬಾಗ್ಲಿಗೆ ಬಂದು ಕೇಳ್ತೀನಿ."

"ಏನ್ ಕೇಳ್ತೀಯ?"

ಅವನು ನಲವತ್ತು ಮುಖದಲ್ಲಿ ಒಂದನ್ನೂ ಬಿಡದೆ ನೋಡಿದ. ಆಮೇಲೆ ಪಕ್ಕಕ್ಕೆ ತಿರುಗಿದ.

"ಇವಳ್ನ."

ಲಿಂಗಯ್ಯ ಕೋಲು ಕೆಳಗಿಟ್ಟ. ಸತ್ತ ಅಕ್ಕನ ಮಗ ಅಷ್ಟು ಜನರ ಮುಂದೆ ನಡುಗುತ್ತಾ, ಆದರೂ ನಿಂತೇ ಇದ್ದುದನ್ನು ನೋಡಿದ. ಆಮೇಲೆ ಹಿಂದೆ ತಿರುಗಿ ಕೂಗಿದ:

"ಲೇ ಬೋರಯ್ಯ, ಒಂದ್ ಹೊರೆ ತೆಂಗಿನಗರಿ ಸಾಲಕ್ಕಿಲ್ಲ. ಇನ್ನೊಂದ್ ಹೊರೆ ತತ್ತಾ."